ವೋಟ್ ಆಯ್ತಾ ಎಂದು ಕೇಳಿದ ತಾಯಿ

ನರ್ಸುಗಳು ಎದೆಗೆ ತಲೆಕೆಳಗಾಗಿ ಸಿಕ್ಕಿಸಿಕೊಳ್ಳುವ ಗಡಿಯಾರ ಇರುತ್ತದಲ್ಲ, ನಿವೃತ್ತಿಯ ಮೇಲೂ ಅದು ಬಾಯಮ್ಮನ ನೈಟಿಯ ಮೇಲೆ ನೇತಾಡುತ್ತಿತ್ತು. ದುಬೈಯ ಕರಾಮದಲ್ಲಿ ನಮ್ಮ ಎದುರು ಫ್ಲ್ಯಾಟಿನವರು, ಮಂಗಳೂರಿನ ಕ್ರಿಶ್ಚಿಯನ್ನರು. ನಾನು ಕರೆಯುತ್ತಿದ್ದುದೇ ಬಾಯಮ್ಮ ಎಂದು. ಸ್ವಭಾವ ಖಾರ. ಲಿಫ್ಟಿನಲ್ಲಿ ಯಾರಾದರೂ ಕೆಮ್ಮಿದರೆ ಅಲ್ಲೇ ವಿಚಾರಣೆ.

ಕೆಲಸದಲ್ಲಿದ್ದಾಗ, ರೋಗಿಯ ಒಪ್ಪಿಗೆ ಕೇಳದೆ ಆಪರೇಷನ್ನಿಗೆ ಹೊರಟ ಸರ್ಜನ್ನನ್ನು ಬಾಗಿಲಲ್ಲೇ ತಡೆದಿದ್ದರಂತೆ. ಎಮರ್ಜೆನ್ಸಿ ಎಂದನಂತೆ ಆತ. "ಎಂತ ಎಮರ್ಜೆನ್ಸಿ? ಪೇಶೆಂಟಿಗೆ ಎಚ್ಚರ ಉಂಟು. ಕೇಳ್ಲಿಕ್ಕೆ ನಿಮಗೆ ನಾಲಿಗೆ ಇಲ್ವಾ?" ಬಹುಮಾನವಾಗಿ ಆಪರೇಷನ್ ಥಿಯೇಟರಿನಿಂದ ವಾರ್ಡಿಗೆ ವರ್ಗ ಸಿಕ್ಕಿತು.

ಒಬ್ಬಳೇ ಮಗಳೂ ನರ್ಸ್. ಓದಲು ಅಮೆರಿಕಕ್ಕೆ ಹೋದವಳು ಅಲ್ಲಿಯ ಸೈನ್ಯ ಸೇರಿದಳು. ಯುದ್ಧ ಬೇಕಾದರೆ ಅಲ್ಲಿಯ ಸಂಸತ್ತು ಮತ ಹಾಕಬೇಕು ಎಂಬುದೇ ಬಾಯಮ್ಮನಿಗಿದ್ದ ಧೈರ್ಯ.

"ಅಧ್ಯಕ್ಷ ಒಬ್ಬನೇ ಹೊರಟ್ರೆ ಆಗ್ಲಿಕ್ಕಿಲ್ಲ ಮಾರಾಯ್ತಿ. ಅಷ್ಟು ಜನ ಕೈ ಎತ್ಬೇಕು."

"ಎತ್ತುವವರೆಗೆ ಕಾಯ್ತಾರಾ ಬಾಯಮ್ಮ?"

"ನಿನ್ನದೊಂದು ಕರಿನಾಲಿಗೆ!"

ಅವರಲ್ಲಿ ಸಂಜೆ ಜಪಮಾಲೆ ಪ್ರಾರ್ಥನೆ ಮುಗಿದ ಕೂಡಲೇ ಮಕ್ಕಳು ಹಿರಿಯರ ಬಳಿ ಬೆಸಾಂವ್, ಅಂದರೆ ಆಶೀರ್ವಾದ, ಕೇಳುವ ಪದ್ಧತಿ. ಮಗಳು ಫೋನಿನಲ್ಲೇ ಕೇಳುತ್ತಿದ್ದಳು. ಈ ಕಡೆ ಗಲ್ಫಿನಲ್ಲಿ ಅಮೆರಿಕದ ಯುದ್ಧ ಶುರುವಾಗಿ, ನಮ್ಮ ಮೊಬೈಲುಗಳೂ ಎಚ್ಚರಿಕೆಯ ಸದ್ದು ಮಾಡಿ ಜೀವ ಹಾರಿಸುತ್ತಿದ್ದ ವಾರ ಅವಳ ಕರೆ ಬಂತು. ನಾನು ಪಕ್ಕದಲ್ಲೇ ಇದ್ದೆ. ಅವರ ಕೊಂಕಣಿ ನನಗೆ ಅರ್ಥವಾಗುತ್ತದೆ.

"ಮಾಂಯ್, ನಮ್ಮ ಯೂನಿಟ್ ಹೊರಡ್ತಾ ಉಂಟು. ಬೆಸಾಂವ್ ದಿ."

"ವೋಟ್ ಆಯ್ತಾ?"

"ಇಲ್ಲ ಮಾಂಯ್. ಆರ್ಡರ್ ಬಂದಿದೆ."

"ವೋಟ್ ಆಗ್ಲಿ. ಮತ್ತೆ ಕೊಡ್ತೇನೆ."

"ಪ್ಲೀಸ್ ಮಾಂಯ್, ಬಸ್ ನಿಂತಿದೆ."

ಬಾಯಮ್ಮ ಎದೆಯ ಗಡಿಯಾರವನ್ನು ಎತ್ತಿ ಹಿಡಿದು ಅದರ ಮುಳ್ಳನ್ನೇ ನೋಡುತ್ತ ಕೂತರು. ನನಗೆ ತಡೆಯಲಾಗಲಿಲ್ಲ. "ಕೊಡಿ ಬಾಯಮ್ಮ! ಅವಳೆಂತ ಮಾಡಿದ್ದು ಪಾಪ?"

ಅವರು ಕಣ್ಣು ಮುಚ್ಚಿ, ಫೋನಿನ ಮೇಲೆಯೇ ಶಿಲುಬೆಯ ಗುರುತು ಎಳೆದರು. "ದೇವ್ ಬರೆಂ ಕರುಂ, ದೇವರು ಒಳ್ಳೇದು ಮಾಡ್ಲಿ. ಇದು ನಿನಗೆ, ಪುತಾ. ಅವರ ಆರ್ಡರಿಗೆ ಅಲ್ಲ."

ಕರೆ ಮುಗಿದ ಮೇಲೆ ನನ್ನನ್ನೇ ಕೇಳಿದರು: "ನಾನು ಕೊಡದಿದ್ರೆ ನಿಲ್ತಿತ್ತಾ?" ನಿಲ್ಲುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಮುಂದೆ ಎಷ್ಟೋ ಸಂಜೆ ಟಿವಿಯ ಮುಂದೆ ಕೂತೇ ಇದ್ದರು. ಆ ಮತದಾನ ಯಾವಾಗ ಆದೀತು ಎಂದು ಕಾದರು. ಹೃದಯ ಕಾಯಲಿಲ್ಲ, ಒಂದು ರಾತ್ರಿ ನಿಂತೇಬಿಟ್ಟಿತು. ಮಗಳಿಗೆ ತಾಯಿಯ ಮಣ್ಣಿಗೂ ರಜೆ ಸಿಗಲಿಲ್ಲ.

ಮೊನ್ನೆ ಅವಳು ಫೋನ್ ಮಾಡಿ ಕೇಳಿದಳು: "ಆಂಟಿ, ಅವತ್ತು ಮಾಂಯ್ ಯಾಕೆ ಅಷ್ಟು ತಡ ಮಾಡಿದ್ದು? ನನ್ಮೇಲೆ ಸಿಟ್ಟಿತ್ತಾ?"

"ಇಲ್ಲ ಮಗಾ," ಎಂದೆ. "ನಿನ್ನನ್ನು ಕಳಿಸುವ ಮೊದಲು ಯಾರಾದ್ರೂ ಒಬ್ರು ಯೋಚನೆ ಮಾಡ್ಬೇಕಿತ್ತಲ್ಲ."