ತಳದಲ್ಲಿ ಒಂದು ಚೊಂಬು ನೀರು

ಕಾರಣವಿಲ್ಲದೆ ಏನೂ ನಡೆಯುವುದಿಲ್ಲ ಎಂದು ಇಪ್ಪತ್ತು ವರ್ಷ ಪಾಠ ಹೇಳಿದವಳು ನಾನು. ಕೊಳ್ಳೇಗಾಲದ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತೇನೆ. ಯಾರಾದರೂ ಗಾಳಿ, ದೆವ್ವ ಅಂತ ಶುರು ಮಾಡಿದರೆ ತಲೆ ತಿನ್ನಬೇಡಿ ಎಂದು ಎದ್ದುಹೋಗುತ್ತಿದ್ದೆ. ಈಗಲೂ ಅದನ್ನೆಲ್ಲ ನಂಬುವವಳಲ್ಲ. ಆದರೆ ಕೆಲವು ವರ್ಷದ ಹಿಂದಿನ ಒಂದು ಹಂಡೆಯ ವಿಷಯಕ್ಕೆ ಮಾತ್ರ ನನಗೆ ಇನ್ನೂ ಕಾರಣ ಸಿಕ್ಕಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನಿಮಗೇನಾದರೂ ಹೊಳೆದೀತು.

ಆ ವರ್ಷ ಕೊಳ್ಳೇಗಾಲದ ಒಂದು ನೇಕಾರರ ಬೀದಿಯಲ್ಲಿ ಡೆಂಗಿ ಜ್ವರ ಬಿಟ್ಟೂ ಬಿಡದೆ ಕಾಡಿತು. ನನ್ನ ತಂಗಿ ಮಂಗಳ ಇದ್ದದ್ದು ಅದೇ ಬೀದಿಯಲ್ಲಿ. ಏಳು ತಿಂಗಳ ಬಸುರಿ. ಮೊದಲನೆಯದು ಉಳಿದಿರಲಿಲ್ಲ. ಯಳಂದೂರಿನ ನನ್ನ ಮನೆಗೆ ಬಂದಿರು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಗಂಡ ಮಗ್ಗ ಬಿಟ್ಟು ಬರುವುದಿಲ್ಲ, ಅವರ ಊಟಕ್ಕೇನು ಗತಿ ಎಂದು ಅವಳ ರಾಗ. ನನಗೆ ಬರುವುದು ಲೆಕ್ಕ ಒಂದೇ, ಹಾಗಾಗಿ ಜ್ವರ ಹೇಗೆ ಹಬ್ಬುತ್ತಿದೆ ಎಂದು ಲೆಕ್ಕ ಹಾಕಲು ಕೂತೆ.

ಕೆಲಸ ಇಷ್ಟೇ. ಬೀದಿಯ ನೂರಕ್ಕೂ ಹೆಚ್ಚು ಮನೆಗಳನ್ನು ಕಂಪ್ಯೂಟರಿನಲ್ಲಿ ಚುಕ್ಕಿಗಳಾಗಿ ಇಡುವುದು. ಸೊಳ್ಳೆ ಎಷ್ಟು ದೂರ ಹಾರುತ್ತದೆ, ಕಚ್ಚಿದ ಮೇಲೆ ಎಷ್ಟು ದಿನಕ್ಕೆ ಜ್ವರ ಬರುತ್ತದೆ ಎಂಬ ನಿಯಮ ಕೊಟ್ಟು ಬಿಡುವುದು. ಮಿಕ್ಕದ್ದನ್ನು ಅದೇ ನಡೆಸಿ ತೋರಿಸುತ್ತದೆ. ಬೀದಿಯ ಆಶಾ ಕಾರ್ಯಕರ್ತೆ ನಾಗಮ್ಮ ಯಾವ ವಾರ ಎಷ್ಟು ಜನಕ್ಕೆ ಜ್ವರ ಬಂತು ಎಂದು ಬರೆದುಕೊಟ್ಟಿದ್ದರು. ಯಾವ ಮನೆಯವರು ಎಂದು ನಾನು ಕೇಳಲೂ ಇಲ್ಲ, ಅವರು ಹೇಳಲೂ ಇಲ್ಲ.

ಲೆಕ್ಕ ಕೂಡಲಿಲ್ಲ. ಡೆಂಗಿ ಸೊಳ್ಳೆ ಹೆಚ್ಚು ದೂರ ಹಾರುವುದಿಲ್ಲವಾದ್ದರಿಂದ ನನ್ನ ಕಂಪ್ಯೂಟರಿನ ಜ್ವರ ನಾಲ್ಕು ಮನೆ ಸುತ್ತಿ ಅಲ್ಲೇ ತಣ್ಣಗಾಗುತ್ತಿತ್ತು. ನಿಜವಾದ ಜ್ವರ ವಾರ ವಾರವೂ ಬರುತ್ತಲೇ ಇತ್ತು. ಕೊನೆಗೆ ಬೇಸತ್ತು ಒಂದು ನಿಯಮ ಸೇರಿಸಿದೆ: ಯಾವುದೋ ಒಂದು ವಸ್ತು ಒಂದು ಮನೆಗೆ ಬಂದು, ವಾರವಿದ್ದು, ಇನ್ನೊಂದು ಮನೆಗೆ ಹೋಗುತ್ತದೆ. ಏನದು ಎಂದು ನನಗೇ ಗೊತ್ತಿರಲಿಲ್ಲ. ಲೆಕ್ಕ ಸರಿಯಾಗಿ ಕೂತುಬಿಟ್ಟಿತು. ಅದು ಯಾವ ಯಾವ ಮನೆಗೆ ಹೋಯಿತು ಎಂದು ಪ್ರಿಂಟ್ ತೆಗೆದೆ. ದೊಡ್ಡ ಅಕ್ಷರದಲ್ಲಿ ಹಾಳೆಯ ಒಂದೇ ಮಗ್ಗುಲಲ್ಲಿ ಹಿಡಿಸಲಿ ಎಂದು ಹನ್ನೆರಡು ಮನೆಗೆ ನಿಲ್ಲಿಸಿದ್ದೆ. ಹನ್ನೆರಡನೆಯದು ಮಂಗಳನ ಮನೆ.

ಆ ಪಟ್ಟಿಗೆ ಬೆಲೆಯೇನೂ ಇರಲಿಲ್ಲ. ಮನೆಗಳನ್ನು ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಆರಿಸುತ್ತದೆ, ಮತ್ತೆ ನಡೆಸಿದರೆ ಬೇರೆಯೇ ಬರುತ್ತದೆ. ಇದನ್ನು ನೂರಾರು ಮಕ್ಕಳಿಗೆ ಹೇಳಿಕೊಟ್ಟವಳೇ ನಾನು. ಆದರೂ ಭಾನುವಾರ ಬೆಳಿಗ್ಗೆ ಹಾಳೆ ಹಿಡಿದು ನಾಗಮ್ಮನ ಮನೆಗೆ ಹೋದೆ. ತಂಗಿಯ ಮನೆ ನಂಬರಿದ್ದ ಕೊನೆಯ ಸಾಲನ್ನು ಹಿಂದಕ್ಕೆ ಮಡಚಿದ್ದೆ. ಅದನ್ನು ಇನ್ನೊಬ್ಬರ ಬಾಯಲ್ಲಿ ಕೇಳುವ ಧೈರ್ಯ ನನಗಿರಲಿಲ್ಲ.

ನಾಗಮ್ಮ ತಮ್ಮ ಪುಸ್ತಕ ತೆಗೆದು ಒಂದೊಂದೇ ನಂಬರಿನ ಮೇಲೆ ಬೆರಳಿಟ್ಟು ನೋಡಿದರು.

"ಇದ್ಯಾರ್ ಕೊಟ್ರು ಮೇಡಂ ನಿಮ್ಗೆ? ಅನ್ನೊಂದು ಮನೇನೂ ನನ್ ಬುಕ್ಕಲ್ಲವೆ. ಒಂದಾದ್ ಮ್ಯಾಲೊಂದು ಇಂಗೇ ಬಂದಿರದು."

ನಾನೂ ನೋಡಿದೆ. ಅದೇ ಮನೆಗಳು, ಅದೇ ಸಾಲು.

ಇಬ್ಬರೂ ಆ ಮನೆಗಳಿಗೆ ಹೊರಟೆವು. ಜ್ವರಕ್ಕೆ ಮುಂಚೆ ಹೊರಗಿನಿಂದ ಏನಾದರೂ ಮನೆಗೆ ಬಂದಿತ್ತೇ ಎಂದು ಕೇಳಿದೆ. ಎಲ್ಲರೂ ಮೊದಲು ಇಲ್ಲ ಎನ್ನುವರು. ಆಮೇಲೆ ನೆನಪಿಸಿಕೊಂಡು, ಒಂದು ಹಂಡೆ ಬಂದಿತ್ತಲ್ಲ ಎನ್ನುವರು. ಒಂದು ಕಡೆ ಹಿಡಿಯ ಬಳೆ ಕಿತ್ತುಹೋದ ತಾಮ್ರದ ಹಂಡೆ. ನಲ್ಲಿಯಲ್ಲಿ ನೀರು ದಿನ ಬಿಟ್ಟು ದಿನ ಬರುವ ಬೀದಿ. ನೆಂಟರು ಬಂದಾಗ ನೀರು ತುಂಬಿಡಲು ಒಬ್ಬರಿಂದ ಒಬ್ಬರು ಇಸಿದುಕೊಂಡಿದ್ದರು. ಬರಿ ಪಾತ್ರೆ ಇನ್ನೊಬ್ಬರ ಕೈಗೆ ಕೊಡಬಾರದು ಎಂಬುದು ನಮ್ಮ ಕಡೆಯ ವಾಡಿಕೆ. ಅದಕ್ಕೇ ಕೊಡುವಾಗಲೆಲ್ಲ ತಳದಲ್ಲಿ ಒಂದು ಚೊಂಬು ನೀರು ಬಿಟ್ಟೇ ಕೊಟ್ಟಿದ್ದರು. ಆ ನೀರಿನಲ್ಲಿ ಸೊಳ್ಳೆಯ ಮರಿಗಳೂ ಮನೆಯಿಂದ ಮನೆಗೆ ಹೋಗಿದ್ದವು.

ಹಂಡೆ ಯಾರದು ಎಂದರೆ ಮಾತ್ರ ಯಾರಿಗೂ ಗೊತ್ತಿಲ್ಲ. ಮೊದಲ ಮನೆಯವರ ಪ್ರಕಾರ ಅದು ಒಂದು ಬೆಳಿಗ್ಗೆ ಅವರ ಜಗಲಿಯ ಮೇಲಿತ್ತಂತೆ. ಹನ್ನೊಂದನೆಯ ಮನೆಯಾಕೆ, ನೆನ್ನೆ ನಿಮ್ಮ ತಂಗಿಯೇ ಬಂದು ತೆಗೆದುಕೊಂಡು ಹೋದಳಲ್ಲ ಎಂದರು. ನಾನು ಮಾತು ಮುಗಿಯುವ ಮೊದಲೇ ಓಡಿದೆ.

ಹಂಡೆ ಹಿತ್ತಲಲ್ಲಿತ್ತು. ಇನ್ನೂ ನೀರು ತುಂಬಿಸಿರಲಿಲ್ಲ. ಬಗ್ಗಿ ನೋಡಿದರೆ ತಳದ ನೀರಿನಲ್ಲಿ ಮರಿಗಳು ಬಳುಕಾಡುತ್ತಿದ್ದವು. ಬಿಸಿ ಮಣ್ಣಿನ ಮೇಲೆ ಚೆಲ್ಲಿ, ಹುಣಸೆಹಣ್ಣು ಬೂದಿ ಹಾಕಿ ಕೈ ಉರಿಯುವ ತನಕ ಉಜ್ಜಿ, ಮಟಮಟ ಮಧ್ಯಾಹ್ನದ ಬಿಸಿಲಿಗೆ ಕವುಚಿ ಹಾಕಿದೆ. ಇದನ್ನು ಇನ್ನು ಯಾರಿಗೂ ನೀರು ಬಿಟ್ಟು ಕೊಡಬೇಡ ಎಂದೆ. ಮಂಗಳನಿಗೆ ಅದೇ ದೊಡ್ಡ ಚಿಂತೆಯಾಯಿತು.

"ಬರೀ ಅಂಡೆ ಎಂಗಕ್ಕ ಕೊಡದು?"

ಡಬ್ಬಿಯಿಂದ ಎರಡು ಅಚ್ಚು ಬೆಲ್ಲ ತೆಗೆದು, ಕೊಡುವಾಗ ಇದನ್ನು ಹಾಕು ಮಾರಾಯ್ತಿ ಎಂದು ಅವಳ ಕೈಗಿಟ್ಟೆ.

ಮುಂದಿನ ಎರಡು ವಾರ ದಿನಕ್ಕೆರಡು ಸಲ ಮಂಗಳನಿಗೆ ಫೋನ್ ಮಾಡಿ ಮೈ ಬಿಸಿ ಇದೆಯೇ ಎಂದು ಕೇಳುತ್ತಿದ್ದೆ. ಜ್ವರ ಬರಲಿಲ್ಲ. ದಿನ ತುಂಬಿ ಹೆಣ್ಣು ಮಗುವಾಯಿತು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಬೀದಿಯ ಜ್ವರವೂ ಅಲ್ಲಿಗೇ ನಿಂತಿತ್ತು. ನಾನು ಉಜ್ಜಿದ್ದಕ್ಕೇ ನಿಂತಿತೋ, ಮಳೆಗಾಲ ಮುಗಿದದ್ದಕ್ಕೋ? ಬಾರದೇ ಹೋದ ಜ್ವರವನ್ನು ಎಣಿಸುವ ಲೆಕ್ಕ ನನಗೆ ಬರುವುದಿಲ್ಲ. ಆ ಪ್ರೋಗ್ರಾಮನ್ನು ಆಮೇಲೆ ಎಷ್ಟು ಸಲ ನಡೆಸಿದೆನೋ. ಆ ಪಟ್ಟಿ ಮತ್ತೊಮ್ಮೆ ಬರಲೇ ಇಲ್ಲ.

ಮಗುವಿನ ನಾಮಕರಣದ ದಿನ ಹಿತ್ತಲಿಗೆ ಹೋದಾಗ ನೆನಪಾಯಿತು. ಹಂಡೆ ಏನಾಯಿತೇ ಎಂದು ಕೇಳಿದೆ. ನಾನು ಉಜ್ಜಿಟ್ಟು ಹೋದ ಮಾರನೆಯ ದಿನವೇ ಯಾರೋ ಹೆಂಗಸು ಬಂದು ನಮ್ಮದು ಎಂದು ಕೇಳಿದಳಂತೆ. ಮಂಗಳ ಮೊದಲು ಅವಳನ್ನು ಕಂಡವಳಲ್ಲ, ಆಮೇಲೂ ಕಂಡಿಲ್ಲ. ಹೇಳಿದ ಹಾಗೆ ಬೆಲ್ಲ ಹಾಕಿ ಕೊಟ್ಟಳಂತೆ. ಆಕೆ ಒಳಗೆ ಇಣುಕಿ ನೋಡಿ ನಕ್ಕಳಂತೆ, ಒಂದು ಅಚ್ಚು ಬಾಯಿಗೆ ಹಾಕಿಕೊಂಡು ಹಂಡೆಯನ್ನು ತಲೆಗೇರಿಸಿದಳಂತೆ.

"ಅದೇನೋ ಅಂದ್ಲು ಕಣಕ್ಕ. ಅನ್ನೆರ್ಡ್ ಮನೆ ಆಯ್ತು, ಇನ್ ಸಾಕು ಅಂತ. ಅಂಗಂದ್ರೆ ಏನಕ್ಕ?"

ನನಗೇನು ಗೊತ್ತು ಎಂದು ಮಗುವನ್ನು ಎತ್ತಿಕೊಂಡೆ. ಆ ಹಾಳೆ ಇನ್ನೂ ನನ್ನ ಬೀರುವಿನಲ್ಲಿದೆ. ಕೊನೆಯ ಸಾಲಿನ ಮಡಿಕೆಯನ್ನು ನಾನು ಯಾರೆದುರೂ ಬಿಚ್ಚಿಲ್ಲ. ಹನ್ನೆರಡಕ್ಕೆ ನಿಲ್ಲಿಸಿದ್ದು ನಾನು, ಅದೂ ಹಾಳೆಯಲ್ಲಿ ಜಾಗ ಸಾಲದು ಎಂದು.