ಗಾಳಿ ಸೋಕದ ಆಡು

ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಮೈಸೂರು ಬಿಟ್ಟೆ. ಕೈಯಲ್ಲಿ ಐಸ್ ತುಂಬಿದ ಡಬ್ಬ. ತೊಂಬತ್ತರ ದಶಕದ ಕೊನೆ; ನಾನಾಗ ಸಂಶೋಧನಾ ವಿದ್ಯಾರ್ಥಿನಿ. ವರ್ಷಗಟ್ಟಲೆ ಹೊಗೆಗಾಳಿ ಕುಡಿದ ಆಡಿನ ಲಿವರಿನಲ್ಲಿ, ವಿಷವನ್ನು ಒಡೆದುಹಾಕುವ ಕಿಣ್ವಗಳು ಏನಾಗುತ್ತವೆ ಎನ್ನುವುದು ನನ್ನ ವಿಷಯ. ಕಾರ್ಖಾನೆ ಬದಿಯ ಆಡು ನಂಜನಗೂಡಿನದು, ಹೋಲಿಸಲು ಶುದ್ಧ ಗಾಳಿಯ ಆಡು ತಿ. ನರಸೀಪುರದ ಕಡೆಯದು. ಇದು ಕೊನೆಯ ಜೋಡಿ. ಮುಗಿದರೆ ಪ್ರಬಂಧ ಬರೆಯಲು ಕೂರಬಹುದಿತ್ತು.

ನಂಜನಗೂಡಿನ ಮಾಂಸದಂಗಡಿಯಲ್ಲಿ ಕೆಲಸ ಬೇಗ ಆಯಿತು. ಎರಡು ಇಡ್ಲಿ ತಿಂದು ನರಸೀಪುರದ ಬಸ್ ಹಿಡಿದೆ. ಸೀಟು ಸಿಗಲಿಲ್ಲ. ಡಬ್ಬದಲ್ಲಿ ಏನಿದೆ ಎಂದು ಕಂಡಕ್ಟರ್ ಕೇಳಿದ. ಲಿವರ್ ಎಂದೆ. ಅದಕ್ಕೂ ಲಗೇಜ್ ಟಿಕೆಟ್ ಹರಿದ. ಅಲ್ಲಿಂದ ಬಸ್ ಬದಲಿಸಿ ಸೋಸಲೆಗೆ ಹೋಗುವಷ್ಟರಲ್ಲಿ ಬಿಸಿಲು ನೆತ್ತಿ ಸುಡುತ್ತಿತ್ತು, ಐಸ್ ಅರ್ಧ ಕರಗಿತ್ತು.

ಸೋಸಲೆಯ ಕಟುಕರವನು ಆಗಲೇ ಆಡು ಕೊಯ್ದಿದ್ದ. ಲಿವರಿನ ತುಂಡನ್ನು ಡಬ್ಬಕ್ಕಿಳಿಸಿ, ಆಡು ಮಾರಿ ಅಲ್ಲೇ ಕೂತಿದ್ದ ಸಾಕಮ್ಮ ಎಂಬ ಮುದುಕಿಯ ಪಕ್ಕ ಫಾರಂ ತುಂಬಲು ಕೂತೆ. ಹೊಗೆಗಾಳಿ ಎಂದರೆ ಹಳ್ಳಿಯವರಿಗೆ ತಿಳಿಯದೇನೋ ಎಂದು ನಾನೇ ಜಾಣತನ ಮಾಡಿ ಬರೆದ ಪ್ರಶ್ನೆಯೊಂದು ಅದರಲ್ಲಿತ್ತು.

"ಅಜ್ಜಿ, ಈ ಆಡಿಗೆ ಗಾಳಿ ಏನಾದರೂ ಸೋಕಿತ್ತಾ?"

"ಸೋಕಿತ್ತು ಕಣವ್ವ. ಒಂದೇ ಸಮ ಕೆಮ್ತಿತ್ತು. ತಾಯ್ತ ಕಟ್ಟಿಸ್ದೆ, ವಾಸಿ ಆಯ್ತು."

ನಕ್ಕುಬಿಟ್ಟೆ. ಗಾಳಿ ಸೋಕುವುದೆಂದರೆ ನಮ್ಮಲ್ಲಿ ದೆವ್ವ ಮೆಟ್ಟುವುದಲ್ಲವೇ? ಫಾರಂನಲ್ಲಿ 'ಇಲ್ಲ' ಎಂದು ಬರೆಯುತ್ತಿದ್ದಂತೆ ಕೈ ನಿಂತಿತು. ಹಾಗಾದರೆ ಇಷ್ಟು ದಿನ ಊರೂರಿನವರು ಇಲ್ಲ ಎಂದದ್ದು ಯಾವ ಗಾಳಿಗೆ?

"ಎಲ್ಲಿ ಸೋಕಿದ್ದು ಅಜ್ಜಿ?"

"ನಂಜನಗೂಡಲ್ಲಿ. ನನ್ ಮಗ್ಳು ಮನೇಲಿ ಬೆಳ್ದಿದ್ದು. ಫ್ಯಾಕ್ಟ್ರಿ ಇಂದ್ಗಡೆ ಅವ್ಳ ಮನೆ. ಓದ್ ವರ್ಸ ಇಲ್ಗೆ ಇಡ್ಕೊಂಡ್ ಬಂದೆ."

ನನ್ನ ಶುದ್ಧ ಗಾಳಿಯ ಆಡು! ಅದನ್ನು ಯಾವ ಪಟ್ಟಿಗೆ ಸೇರಿಸಲಿ? ಹಿಂದಿನವುಗಳನ್ನು ಯಾವ ಪಟ್ಟಿಯಿಂದ ತೆಗೆಯಲಿ? ಅಳು ಬರುವಂತಾಯಿತು. ಸಾಕಮ್ಮ ಗಾಬರಿಯಾಗಿ ಏನಾಯಿತೆಂದು ಕೇಳಿದಳು. ದೆವ್ವವಲ್ಲ, ಫ್ಯಾಕ್ಟರಿ ಹೊಗೆ ನಾನು ಕೇಳಿದ್ದು, ಬಹಳ ಕಾಲ ಕುಡಿದರೆ ಲಿವರಿನ ಕೆಲಸವೇ ಏರುಪೇರಾಗಬಹುದು ಎಂದು ಬಿಡಿಸಿ ಹೇಳಿದೆ.

ಅವಳು ಐಸ್ ಡಬ್ಬದ ಕಡೆ ನೋಡಿದಳು. "ಮಗ್ಳೂ ಕೆಮ್ತಾವ್ಳೆ ಕಣವ್ವ. ಅವ್ಳಿಗೂ ತಾಯ್ತನೇ ಕಟ್ಟಿಸಿವ್ನಿ."

ಡಾಕ್ಟರಿಗೆ ತೋರಿಸಿ ಎಂದೆ. ಅದಕ್ಕಿಂತ ಹೆಚ್ಚು ನನಗೂ ಗೊತ್ತಿರಲಿಲ್ಲ. ಅವಳು ಬಸ್ ಸ್ಟಾಪಿನವರೆಗೂ ಜೊತೆಗೆ ಬಂದಳು.

"ಇಲ್ಗ್ ಬಂದ್ಮೇಲೆ ಆಡಿನ್ ಲಿವರ್ ಸರಿ ಓಗಿದ್ದದಾ ನೋಡಿ ಯೋಳವ್ವ. ಸರಿ ಓಗಿದ್ರೆ ಮಗ್ಳುನ್ನೂ ಕರ್ಕೊಂಡ್ ಬತ್ತೀನಿ."

ಹೂಂ ಎಂದು ಬಸ್ ಹತ್ತಿದೆ. ಮೊದಲು ಹೇಗಿತ್ತೆಂದು ತಿಳಿಯದ ಲಿವರ್ ಈಗ ಸರಿಹೋಗಿದೆ ಎಂದು ಯಾವ ಪರೀಕ್ಷೆಯಲ್ಲಿ ನೋಡಲಿ? ಮನಸ್ಸು ತಡೆಯದೆ ಕಿಟಕಿಯಿಂದ ಬಗ್ಗಿದೆ. "ಕಾಯಬೇಡಿ ಅಜ್ಜಿ. ಈಗಲೇ ಕರೆದುಕೊಂಡು ಬನ್ನಿ."

"ಬಂದ್ರೆ ವಾಸಿ ಆದದಾ ಮಗ?"

ಬಸ್ ಹೊರಟಿತು. ಫಾರಂ ತೆಗೆದು, ಆ ಪ್ರಶ್ನೆಯಲ್ಲಿದ್ದ 'ಗಾಳಿ'ಯನ್ನು ಹೊಡೆದುಹಾಕಿ 'ಫ್ಯಾಕ್ಟರಿ ಹೊಗೆ' ಎಂದು ಬರೆದೆ.