ಮೆಂತ್ಯದ ಕಟ್ಟು ಮತ್ತು ‘ಫಾಲನ್ ಬಿಹೈಂಡ್’

ಮೆಂತ್ಯ ಸೊಪ್ಪು ಬಿಡಿಸುವಾಗಲೆಲ್ಲ ಥಾಣೆ ಸ್ಟೇಷನ್ನಿನಿಂದ ಡೊಂಬಿವಲಿಗೆ ಹೋಗುವ ಸಂಜೆಯ ಲೋಕಲ್ ರೈಲಿನ ಲೇಡೀಸ್ ಡಬ್ಬಾ ನೆನಪಾಗುತ್ತದೆ. ಹೆಂಗಸರು ಅಲ್ಲೇ ಮಡಿಲಲ್ಲಿಟ್ಟು ರಾತ್ರಿಯ ಅಡುಗೆಯ ಸೊಪ್ಪು ಬಿಡಿಸುತ್ತಿದ್ದರು.

ನಾನು ಚಿಕ್ಕವಳಿದ್ದಾಗ, ಶಾಲೆಯಿಂದ ಇನ್ನೊಂದು ದೂರು ಬಂದರೆ ಊರಿಗೆ ಕಳಿಸಿ ಉಡುಪಿಯ ಶಾಲೆಗೆ ಹಾಕುತ್ತೇನೆಂದು ಅಪ್ಪ ಹೆದರಿಸಿದ್ದರು. ಆ ವಾರವೇ ಟೀಚರ್ ನನ್ನ ಇಂಗ್ಲಿಷ್ ಬಗ್ಗೆ ಶಾಲೆಯ ಡೈರಿಯಲ್ಲಿ ಏನೋ ಬರೆದರು. ಇಂಗ್ಲಿಷ್ ಬಾರದ ಅಮ್ಮ ಅದನ್ನು ಸಂಜೆ ಡಬ್ಬಾದಲ್ಲಿ ಪಕ್ಕ ಕೂತಿದ್ದ, ನಾವು ಮೌಶಿ ಎನ್ನುತ್ತಿದ್ದ ಮರಾಠಿ ಹೆಂಗಸಿಗೆ ಕೊಟ್ಟಳು.

“‘ಫಾಲನ್ ಬಿಹೈಂಡ್’ ಲಿಖಾ ಹೈ. ಲಡ್ಕೀ ಪೀಛೆ ರಹ್ ಗಯೀ,” ಎಂದರು ಮೌಶಿ.

ಅಮ್ಮ ನಕ್ಕು ಮೆಂತ್ಯದ ಕಟ್ಟನ್ನು ನನ್ನ ಮಡಿಲಿಗಿಟ್ಟಳು. “ಹಿಂದೆ ಬಿದ್ದದ್ದಾ? ಇಲ್ಲಿಗೆ ಬಂದಾಗ ನಂಗೂ ಹಿಂದಿ ಬರ್ತಿರ್ಲಿಲ್ಲ ಮಾರಾಯ್ತಿ. ಈ ಡಬ್ಬಾದಲ್ಲೇ ಕಲ್ತದ್ದು. ತಗೋ, ಬಿಡಿಸು. ಮೌಶಿ ಕೇಳ್ತಾರೆ, ನೀನು ಹೇಳು.”

ಎಲೆ ಬಿಡಿಸುತ್ತಾ ಮೌಶಿ ಕೇಳಿದ ಇಂಗ್ಲಿಷ್ ಮಾತುಗಳಿಗೆ ಅರ್ಥ ಹೇಳುತ್ತಾ ಹೋದೆ: ಕ್ಯಾಚ್ ಅಪ್, ಹ್ಯಾಂಡ್ ಇನ್, ಲುಕ್ ಅಪ್. ದಿವಾ ಸ್ಟೇಷನ್ ಬರುವಷ್ಟರಲ್ಲಿ ನನ್ನ ಎದೆ ಹಗುರಾಗಿತ್ತು.

ಇವತ್ತು ಮಗಳು ಡೈರಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತಿದ್ದಳು. ನಾನು “ತಗೋ, ಬಿಡಿಸು,” ಎಂದು ಅವಳ ಮುಂದೆ ಒಂದು ಕಟ್ಟು ಮೆಂತ್ಯ ಇಟ್ಟೆ.